ತಾರೆ ನೆನಪಿನಲ್ಲಿ ಉಳಿದರು, ಸರಕು ಎಲ್ಲಿ ಹೋಯಿತು? ಟಿವಿ ಜಾಹೀರಾತಿನ ಪ್ರಸಿದ್ಧ ಮುಖಗಳ ಬಗ್ಗೆ ಒಂದು ಚರ್ಚೆ

ಮಾರಾಟದ ಮೇಷ್ಟ್ರು

‘ಆ ಜಾಹೀರಾತು ಚೆನ್ನಾಗಿ ನೆನಪಿದೆ, ಯಾವ ಕಂಪನಿಯದು ಎಂಬುದು ಮಾತ್ರ ಹೊಳೆಯುತ್ತಿಲ್ಲ.’ ಈ ಮಾತನ್ನು ಜನ ನಗುತ್ತ ಹೇಳುತ್ತಾರೆ. ಬಜೆಟ್ಟಿನ ಕಡತಕ್ಕೆ ಸಹಿ ಹಾಕಿದವನಿಗೆ ನಗು ಬರುವುದಿಲ್ಲ. ಹೆಸರಾಂತ ನಟ, ಆಟಗಾರ ಅಥವಾ ಗಾಯಕಿಯನ್ನು ಕರೆತಂದು ಮಾಡಿದ ಜಾಹೀರಾತುಗಳಿಗೆ ಈ ಕಾಯಿಲೆ ಹೆಚ್ಚು. ನೋಡುಗರ ಗಮನವನ್ನೆಲ್ಲ ತಾರೆಯೇ ಹೀರಿಕೊಂಡು, ಸರಕು ಬಿಳಿಚಿಕೊಂಡು ಮೂಲೆ ಸೇರುತ್ತದೆ. ವೃತ್ತಿಯವರು ಇದನ್ನು ‘ವ್ಯಾಂಪೈರ್ ಪರಿಣಾಮ’, ಅಂದರೆ ರಕ್ತ ಹೀರುವ ಪಿಶಾಚಿಯ ಕಾಟ, ಎನ್ನುತ್ತಾರೆ.

ಹಾಗಾದರೆ ಗೆದ್ದವು ಹೇಗೆ ಗೆದ್ದವು? ನನ್ನ ವಾದ ಇಷ್ಟೇ: ತಾರೆ ಸರಕನ್ನು ಹೊಗಳಿದರೆ ಸಾಲದು, ಸರಕು ತಾರೆಗೆ ಏನನ್ನಾದರೂ ಮಾಡಬೇಕು. ಅವರನ್ನು ಬದಲಿಸಬೇಕು, ಇಲ್ಲವೇ ಸೋಲಿಸಬೇಕು.

1979ರ ಕೋಕಾಕೋಲಾ ಜಾಹೀರಾತನ್ನು ನಿಧಾನವಾಗಿ ನೋಡೋಣ. ಜೋ ಗ್ರೀನ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ. ದೈತ್ಯ ಮೈಕಟ್ಟು, ಮೈದಾನದಲ್ಲಿ ಎದುರಾಳಿಗಳಿಗೆ ಸಿಂಹಸ್ವಪ್ನ. ಅವರ ಅಡ್ಡಹೆಸರೇ ‘ಮೀನ್ ಜೋ’, ಅಂದರೆ ಕಟುಕ ಜೋ. ಜಾಹೀರಾತಿನಲ್ಲಿ ಅವರು ಜರ್ಸಿಯನ್ನು ಹೆಗಲಿಗೆ ಹಾಕಿಕೊಂಡು, ಕುಂಟುತ್ತ, ಕ್ರೀಡಾಂಗಣದ ಒಳದಾರಿಯಲ್ಲಿ ಒಬ್ಬರೇ ನಡೆದು ಹೋಗುತ್ತಿದ್ದಾರೆ. ಹಿಂದಿನಿಂದ ಒಬ್ಬ ಹುಡುಗ ಕರೆಯುತ್ತಾನೆ. ಸಹಾಯ ಬೇಕೇ ಎಂದು ಕೇಳುತ್ತಾನೆ. ಬೇಡ ಎನ್ನುತ್ತಾರೆ. ನಿಮ್ಮಷ್ಟು ಒಳ್ಳೆಯ ಆಟಗಾರ ಇನ್ನೊಬ್ಬರಿಲ್ಲ ಎನ್ನುತ್ತಾನೆ. ಹೂಂ ಎಂದು ಮುಖ ತಿರುಗಿಸುತ್ತಾರೆ. ಹುಡುಗ ತನ್ನ ಕೈಯಲ್ಲಿದ್ದ ಬಾಟಲಿಯನ್ನು ಚಾಚುತ್ತಾನೆ. ಮತ್ತೆ ಬೇಡ. ಅವನು ಬಿಡುವುದಿಲ್ಲ. ಕೊನೆಗೆ ಗ್ರೀನ್ ಬಾಟಲಿ ತೆಗೆದುಕೊಂಡು, ತಲೆಯೆತ್ತಿ, ಒಂದೇ ಬಾರಿಗೆ ಖಾಲಿ ಮಾಡುತ್ತಾರೆ. ಹುಡುಗ ಜೋಲು ಮುಖ ಹಾಕಿಕೊಂಡು ಹೊರಡುತ್ತಾನೆ. ಆಗ ‘ಏ ಹುಡುಗ, ಹಿಡಿ’ ಎಂದು ಗ್ರೀನ್ ಜರ್ಸಿಯನ್ನು ಅವನತ್ತ ಎಸೆಯುತ್ತಾರೆ. ಮೊದಲ ಬಾರಿ ನಗುತ್ತಾರೆ.

ಒಂದು ನಿಮಿಷದ ಕಥೆ. ಕೋಕಾಕೋಲಾದ ಗುಣಗಾನ ಗ್ರೀನ್ ಬಾಯಿಂದ ಒಂದು ಅಕ್ಷರವೂ ಬರುವುದಿಲ್ಲ. ಆದರೆ ಆ ಬಾಟಲಿಯನ್ನು ಕಥೆಯಿಂದ ತೆಗೆಯಿರಿ, ಏನೂ ಉಳಿಯುವುದಿಲ್ಲ. ಗ್ರೀನ್ ಬದಲು ಸದಾ ನಗುವ ಒಬ್ಬ ಆಟಗಾರನನ್ನು ಹಾಕಿ, ಆಗಲೂ ಏನೂ ಉಳಿಯುವುದಿಲ್ಲ. ಚಿತ್ರೀಕರಣ ಮುಗಿಯುವಷ್ಟರಲ್ಲಿ ಹದಿನೆಂಟು ಬಾಟಲಿ ಕುಡಿದಿದ್ದೆ ಎಂದು ಗ್ರೀನ್ ಆಮೇಲೆ ಹೇಳಿಕೊಂಡಿದ್ದಾರೆ. ಪಾಪ, ಸಂಭಾವನೆಗೆ ನ್ಯಾಯ ಒದಗಿಸಿದರು.

ಇನ್ನೊಂದು ಉದಾಹರಣೆ ಜಾರ್ಜ್ ಕ್ಲೂನಿಯವರದು. 2006ರಲ್ಲಿ ಶುರುವಾದ ನೆಸ್ಪ್ರೆಸೊ ಸರಣಿಯ ಮೊದಲ ಜಾಹೀರಾತಿನಲ್ಲಿ ಇಬ್ಬರು ಮಹಿಳೆಯರು ಯಾವುದನ್ನೋ ಬಾಯಿತುಂಬ ಹೊಗಳುತ್ತಿರುತ್ತಾರೆ. ಗಾಢ, ನಿಗೂಢ ಎಂಬಂಥ ವಿಶೇಷಣಗಳು. ಕ್ಲೂನಿ ತಮ್ಮ ಬಗ್ಗೆಯೇ ಎಂದು ಒಳಗೊಳಗೇ ಬೀಗುತ್ತಾರೆ. ಮಾತು ಕಾಫಿಯ ಬಗ್ಗೆ. ಜಗತ್ತಿನ ಅತ್ಯಂತ ಸುಂದರ ಗಂಡಸರ ಪಟ್ಟಿಯಲ್ಲಿದ್ದವನನ್ನು ಒಂದು ಲೋಟ ಕಾಫಿ ಸೋಲಿಸಿತು. ಸರಕಿನ ಘನತೆಯನ್ನು ಇದಕ್ಕಿಂತ ಸಲೀಸಾಗಿ ಹೇಳಲು ಸಾಧ್ಯವೇ?

ಇದಕ್ಕೆ ವಿರುದ್ಧವಾಗಿ, ತಾರೆ ಕಾರಿನಿಂದ ಇಳಿದು, ಕನ್ನಡಕ ತೆಗೆದು, ಕ್ಯಾಮೆರಾ ನೋಡಿ ‘ನನ್ನ ಆಯ್ಕೆ ಇದು’ ಎನ್ನುವ ಜಾಹೀರಾತುಗಳಿವೆಯಲ್ಲ, ಅವುಗಳಲ್ಲಿ ಸರಕಿನ ಡಬ್ಬಿಯನ್ನು ಬದಲಿಸಿದರೆ ಯಾರಿಗೂ ತಿಳಿಯುವುದಿಲ್ಲ. ಸಿಮೆಂಟಿನಿಂದ ಸೆಂಟಿನವರೆಗೆ ಎಲ್ಲಕ್ಕೂ ಅದೇ ನಡಿಗೆ, ಅದೇ ನಗು.

ನಿಮ್ಮ ನೆನಪಿನಲ್ಲಿ ಉಳಿದವು ಯಾವುವು? ನನ್ನ ವಾದವನ್ನು ಕೆಡವುವ ಉದಾಹರಣೆ ಇದ್ದರೆ ಇನ್ನೂ ಒಳ್ಳೆಯದು.

ಹಳೇ ಆಂಟೆನಾ

ಮೇಷ್ಟ್ರೇ, ಕೆಡವುವ ಉದಾಹರಣೆ ಕೇಳಿದ್ದೀರಿ, ತೆಗೆದುಕೊಳ್ಳಿ. ಲಕ್ಸ್.

ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸಾಬೂನಿಗೆ ಮುಖವಾದ ಮೊದಲ ಭಾರತೀಯ ನಟಿ. ಅಲ್ಲಿಂದಾಚೆ ಆ ಕಾಲದ ಮುಂಚೂಣಿಯ ನಟಿ ಯಾರೋ ಅವರೇ ಲಕ್ಸ್ ಸುಂದರಿ. ಮುದ್ರಣದಿಂದ ಟಿವಿಗೆ ಬಂದರೂ ಸೂತ್ರ ಬದಲಾಗಲಿಲ್ಲ. ಕಥೆ ಇಲ್ಲ, ಸೋಲು ಇಲ್ಲ, ಕರಗುವುದು ಇಲ್ಲ. ನೊರೆ, ಹೂವಿನ ಪಕಳೆ, ಒಂದು ಓರೆನೋಟ. ನಟಿಯನ್ನು ಬದಲಿಸಿದರೂ ನಡೆಯುತ್ತದೆ, ಬದಲಿಸುವುದೇ ಸೂತ್ರ! ನಿಮ್ಮ ಪರೀಕ್ಷೆಯಲ್ಲಿ ಇದು ಸೊನ್ನೆ ಅಂಕ ಪಡೆಯುತ್ತದೆ. ಆದರೆ ‘ಚಿತ್ರತಾರೆಯರ ಸೌಂದರ್ಯ ಸಾಬೂನು’ ಎಂದರೆ ಇವತ್ತಿಗೂ ಬೇರೆ ಹೆಸರು ನಾಲಿಗೆಗೆ ಬರುವುದಿಲ್ಲ. 2005ರಲ್ಲಿ ಶಾರುಖ್ ಖಾನ್ ಹೂಪಕಳೆ ತುಂಬಿದ ತೊಟ್ಟಿಯಲ್ಲಿ ಕೂತು, ಸುತ್ತ ಹೇಮಾ ಮಾಲಿನಿ, ಶ್ರೀದೇವಿ, ಜೂಹಿ ಚಾವ್ಲಾ, ಕರೀನಾ ಕಪೂರ್ ನಿಂತಿದ್ದಾಗ ಜನ ಬೆರಗಾದದ್ದು ಯಾಕೆ? ಆ ಜಾಗ ನಟಿಯರದು ಎಂದು ದಶಕಗಳ ಕಾಲ ತಲೆಗೆ ಹೊಡೆದು ಕೂರಿಸಿದ್ದರಿಂದ.

ಬೂಸ್ಟ್ ಕೂಡ ಹಾಗೆಯೇ. ಕಪಿಲ್ ದೇವ್ ‘ನನ್ನ ಶಕ್ತಿಯ ಗುಟ್ಟು’ ಎಂದರು, ಪಕ್ಕದಲ್ಲಿ ಗುಂಗುರು ಕೂದಲಿನ ಸಚಿನ್ ಬಂದು ‘ನಮ್ಮ ಶಕ್ತಿಯ ಗುಟ್ಟು’ ಎಂದು ತಿದ್ದಿದರು, ಆಮೇಲೆ ಧೋನಿ, ಕೊಹ್ಲಿ. ವಾಕ್ಯ ಒಂದೇ, ಬಾಯಿಗಳು ಬೇರೆ. ನನ್ನ ಪ್ರಕಾರ ಗೆಲ್ಲಿಸುವುದು ಕಥೆಯಲ್ಲ, ಹಟ. ಇಪ್ಪತ್ತು ವರ್ಷ ಒಂದೇ ಮಾತು ಹೇಳುವ ಹಟ.

ಕಪಿಲ್ ದೇವ್ ಕ್ಷೌರದ ಕ್ರೀಮಿಗೆ ಹೇಳಿದ ‘ಪಾಮೋಲಿವ್ ದಾ ಜವಾಬ್ ನಹೀಂ’ ಬಗ್ಗೆ ಏನೆನ್ನುತ್ತೀರಿ? ಅದರಲ್ಲೂ ಕಥೆ ಇರಲಿಲ್ಲ. ಅವರ ನಟನೆಯ ಬಗ್ಗೆ ಏನೂ ಹೇಳುವುದಿಲ್ಲ, ನಾನು ಅಭಿಮಾನಿ.

ಮಾರಾಟದ ಮೇಷ್ಟ್ರು

ಲಕ್ಸ್ ಒಪ್ಪಿದೆ. ಅಲ್ಲಿ ಕಂಪನಿ ಕೊಂಡದ್ದು ಒಬ್ಬ ತಾರೆಯನ್ನಲ್ಲ, ‘ತಾರೆ’ ಎಂಬ ಕುರ್ಚಿಯನ್ನು. ಕುರ್ಚಿ ಕಂಪನಿಯದು, ಅದರಲ್ಲಿ ಕೂರುವವರು ಬಂದು ಹೋಗುತ್ತಾರೆ. ಆದರೆ ಆ ದಾರಿ ಹಿಡಿಯಲು ಮಾರುಕಟ್ಟೆಗೆ ಮೊದಲು ಬಂದಿರಬೇಕು, ಹಣ ಮತ್ತು ತಾಳ್ಮೆ ಎರಡೂ ಇರಬೇಕು. ಇವತ್ತು ಬ್ರ್ಯಾಂಡ್ ವ್ಯವಸ್ಥಾಪಕ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾನೆ, ಬಂದವನ ಮೊದಲ ಕೆಲಸವೇ ಹಿಂದಿನವನ ಘೋಷವಾಕ್ಯವನ್ನು ಕಿತ್ತು ಹಾಕುವುದು. ಹಟ ಎಲ್ಲಿಂದ ಬರಬೇಕು?

ಬೂಸ್ಟ್ ನನ್ನ ವಾದದ ಒಳಗೇ ಇದೆ. ಅಲ್ಲಿ ಲೋಟ ಆಟಗಾರನ ಮೈಗೆ ಏನೋ ಮಾಡುತ್ತದೆ ಎಂಬುದೇ ಇಡೀ ಮಾತು.

ಪಾಮೋಲಿವ್ ಬಗ್ಗೆ ನನಗೂ ಉತ್ತರವಿಲ್ಲ. ಕೆಲವು ಸಲ ಒಬ್ಬ ಮನುಷ್ಯನ ಪ್ರಾಮಾಣಿಕ ಎಡವಟ್ಟುತನವೇ ಸಾಕಾಗುತ್ತದೆ.

ಅಂಕಿ ಅಂಶ

ಕೇಳಲು ಚೆನ್ನಾಗಿದೆ, ಆದರೆ ಈ ಎಳೆಯಲ್ಲಿ ಎಲ್ಲರೂ ‘ನೆನಪು’ ಮತ್ತು ‘ಮಾರಾಟ’ವನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ನಾನು ಮಾಧ್ಯಮ ಯೋಜನೆಯ ಕೆಲಸ ಮಾಡುತ್ತೇನೆ. ಪ್ರಸಾರದ ಮೊದಲ ವಾರದ ಕುತೂಹಲ ನನಗೆ ಕಾಣುತ್ತದೆ, ಆರು ತಿಂಗಳ ನಂತರದ ಮಾರಾಟದ ಪಟ್ಟಿಯೂ ಕಾಣುತ್ತದೆ. ಎರಡೂ ಜೊತೆಯಾಗಿ ಮೇಲೇರಿದ್ದನ್ನು ಕಂಡದ್ದು ಕಡಿಮೆ.

2021ರ ಏಪ್ರಿಲ್‌ನಲ್ಲಿ ಐಪಿಎಲ್ ಹೊತ್ತಿಗೆ ಬಂದ, ಕ್ರೆಡ್ ಎಂಬ ಕಂಪನಿಯ ಜಾಹೀರಾತನ್ನೇ ನೋಡಿ. ರಾಹುಲ್ ದ್ರಾವಿಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂಗಾಡುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆಯುತ್ತಾರೆ, ಕಾರಿನ ಚಾವಣಿಯಿಂದ ಮೇಲೆದ್ದು ‘ಇಂದಿರಾನಗರ್ ಕಾ ಗೂಂಡಾ ಹೂಂ ಮೈ’ ಎಂದು ಅಬ್ಬರಿಸುತ್ತಾರೆ. ಎಲ್ಲರ ಮೊಬೈಲಿನಲ್ಲೂ ಅದೇ ಓಡಾಡಿತು. ನಮ್ಮ ಮನೆಯಲ್ಲಿ ಎಲ್ಲರನ್ನೂ ಕೇಳಿದೆ, ಆ ಕಂಪನಿ ಏನು ಮಾಡುತ್ತದೆ ಎಂದು. ಒಬ್ಬರು ಬ್ಯಾಂಕ್ ಎಂದರು, ಇನ್ನೊಬ್ಬರು ಕ್ರಿಕೆಟ್ ಆ್ಯಪ್ ಎಂದರು. ಇದು ಮೇಷ್ಟ್ರು ಹೇಳಿದ ವ್ಯಾಂಪೈರ್ ಅಲ್ಲದೆ ಮತ್ತೇನು?

ಕ್ಲ್ಯಾಪ್ ಬೋರ್ಡು

ಸೆಟ್ಟಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಜಾಹೀರಾತು ಚಿತ್ರಗಳಲ್ಲಿ ಸಹಾಯಕ ನಿರ್ದೇಶಕನಾಗಿ ದುಡಿದವನು ನಾನು. ತಾರೆ ಮತ್ತು ಸರಕು ನೋಡುಗರ ನೆನಪಿನಲ್ಲಿ ಯಾಕೆ ಬೇರೆ ಬೇರೆಯಾಗುತ್ತವೆ ಎಂಬುದಕ್ಕೆ ನನ್ನ ಬಳಿ ಬಹಳ ಒಣ ಕಾರಣವೊಂದಿದೆ: ಬಹುಪಾಲು ಜಾಹೀರಾತುಗಳಲ್ಲಿ ಅವೆರಡೂ ಒಂದೇ ದಿನ ಒಂದೇ ಕೋಣೆಯಲ್ಲಿ ಇರುವುದೇ ಇಲ್ಲ.

ಒಪ್ಪಂದದಲ್ಲಿ ತಾರೆ ಕೊಡುವುದು ವರ್ಷಕ್ಕೆ ಇಷ್ಟು ದಿನ, ದಿನಕ್ಕೆ ಇಷ್ಟು ಗಂಟೆ ಎಂದು. ಅದರಲ್ಲೇ ಟಿವಿ ಚಿತ್ರ, ಪೋಸ್ಟರಿನ ಫೋಟೊ, ವಿತರಕರ ಸಭೆಗೆ ಒಂದು ಸಂದೇಶ, ಎಲ್ಲವೂ ಮುಗಿಯಬೇಕು. ಬೆಳಗಿನ ಹೊತ್ತು ಮೇಕಪ್ಪಿಗೆ ಮತ್ತು ಉಡುಪಿನ ಒಪ್ಪಿಗೆಗೆ ಹೋಗುತ್ತದೆ. ಉಡುಪನ್ನು ನಿರ್ದೇಶಕರು ಒಪ್ಪಿದರೆ ತಾರೆಯ ವಿನ್ಯಾಸಕರು ಒಪ್ಪುವುದಿಲ್ಲ, ಇಬ್ಬರೂ ಒಪ್ಪಿದರೆ ಕಂಪನಿಯವರಿಗೆ ಬಣ್ಣ ಹಿಡಿಸುವುದಿಲ್ಲ. ಬೆನ್ನು ಕಾಣುವ ದೃಶ್ಯಕ್ಕೆ ಡ್ಯೂಪ್. ಡಬ್ಬಿ ಹಿಡಿದ ಕೈ ಹತ್ತಿರದಲ್ಲಿ ಕಂಡರೆ ಅದು ಹೆಚ್ಚಿನ ಸಲ ಕೈ ಮಾಡೆಲ್‌ನದು. ಸುರಿಯುವ ಹಾಲು, ಏಳುವ ನೊರೆ, ಹನಿಗಟ್ಟಿದ ಬಾಟಲಿ, ಇವೆಲ್ಲ ಪ್ಯಾಕ್ ಶಾಟ್. ಅದನ್ನು ಇನ್ನೊಂದು ದಿನ, ಇನ್ನೊಂದು ಸ್ಟುಡಿಯೊದಲ್ಲಿ, ಮೇಜಿನ ಮೇಲೆ ದೀಪ ಇಟ್ಟು ಬೇರೆ ತಂತ್ರಜ್ಞರು ತೆಗೆಯುತ್ತಾರೆ. ಬಾಟಲಿಯ ಮೇಲಿನ ಆ ತಣ್ಣನೆಯ ಹನಿಗಳು ಗ್ಲಿಸರಿನ್. ಗಂಟೆಗಟ್ಟಲೆ ದೀಪದ ಬಿಸಿಗೆ ಜಾರದೆ ನಿಲ್ಲುತ್ತವೆ. ತಾರೆ ಆ ಬಾಟಲಿಯನ್ನು ಕಂಡೂ ಇರುವುದಿಲ್ಲ.

ಕೊನೆಗೆ ಸಂಕಲನದಲ್ಲಿ ಎರಡನ್ನೂ ಅಂಟಿಸುತ್ತಾರೆ. ಮೇಷ್ಟ್ರು ಹೇಳಿದ ಜೋ ಗ್ರೀನ್ ಜಾಹೀರಾತಿನಲ್ಲಿ ಬಾಟಲಿ, ಹುಡುಗ, ಆಟಗಾರ ಮೂವರೂ ಒಂದೇ ಚೌಕಟ್ಟಿನಲ್ಲಿದ್ದಾರೆ ಎಂಬುದನ್ನು ಗಮನಿಸಿ. ಸ್ಕ್ರಿಪ್ಟೇ ಹಾಗಿದ್ದಾಗ ಡ್ಯೂಪ್ ಹಾಕಲು ಬರುವುದಿಲ್ಲ. ಕೈಯಲ್ಲೇ ಹಿಡಿದು, ಕುಡಿದೇ ತೋರಿಸಬೇಕು.

ಮಾರಾಟದ ಮೇಷ್ಟ್ರು

ಕ್ಲ್ಯಾಪ್ ಬೋರ್ಡು ಅವರೇ, ಇಷ್ಟು ವರ್ಷ ಏಜೆನ್ಸಿಗಳ ಸಭೆಗಳಲ್ಲಿ ಕೂತರೂ ಈ ಮಾತನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಇನ್ನು ಮುಂದೆ ಸ್ಕ್ರಿಪ್ಟ್ ಓದುವಾಗ ಮೊದಲು ನೋಡುವುದೇ ಇದನ್ನು: ತಾರೆಯೂ ಸರಕೂ ಒಂದೇ ಚೌಕಟ್ಟಿನಲ್ಲಿ ಎಷ್ಟು ಹೊತ್ತು ಇರುತ್ತವೆ?

ಅಂಕಿ ಅಂಶ ಅವರಿಗೆ: ಕ್ರೆಡ್ ಜಾಹೀರಾತನ್ನು ಮೊದಲಿನಿಂದ ನೋಡಿ. ಅದು ದ್ರಾವಿಡ್‌ರಿಂದ ಆರಂಭವಾಗುವುದಿಲ್ಲ. ನಟ ಜಿಮ್ ಸರ್ಭ್ ಕ್ಯಾಮೆರಾ ಮುಂದೆ ಬಂದು, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದರೆ ಬಹುಮಾನ ಸಿಗುತ್ತದೆ ಎನ್ನುತ್ತಾರೆ. ಇದು ನಂಬುವ ಮಾತೇ, ರಾಹುಲ್ ದ್ರಾವಿಡ್‌ಗೆ ಸಿಟ್ಟಿನ ಸಮಸ್ಯೆ ಇದೆ ಎಂದ ಹಾಗಾಯಿತು ಎಂಬ ಧಾಟಿ. ಆ ಹೋಲಿಕೆಯ ಬಾಲ ಹಿಡಿದು ದ್ರಾವಿಡ್ ಬರುತ್ತಾರೆ. ಅಂದರೆ ಅವರ ಕೋಪ ಆ ಕೊಡುಗೆಯ ಅಸಂಭಾವ್ಯತೆಗೆ ಸಾಕ್ಷಿ. ಬರೆದವರ ತರ್ಕ ಅಚ್ಚುಕಟ್ಟಾಗಿದೆ. ದಶಕಗಳ ಕಾಲ ಕಟ್ಟಿಕೊಂಡ ತಾಳ್ಮೆಯ ಬಿಂಬವನ್ನು ಒಂದು ನಿಮಿಷಕ್ಕೆ ಎರವಲು ಪಡೆದು ಮಗುಚಿ ಹಾಕಿದ್ದಾರೆ. ಬೇರೆ ಯಾವ ಆಟಗಾರನನ್ನು ಅಲ್ಲಿ ಹಾಕಿದರೂ ಅದು ಮಾಮೂಲಿ ಜಗಳವಾಗುತ್ತಿತ್ತು.

ತೊಡಕು ಬೇರೆ ಕಡೆ ಇದೆ. ಜನ ಹಂಚಿಕೊಂಡದ್ದು ಕೊನೆಯ ತುಣುಕನ್ನು. ಕತ್ತರಿಸಿದಾಗ ಸರ್ಭ್ ಮಾತು ಹೋಯಿತು, ಬ್ಯಾಟು ಉಳಿಯಿತು. ಸರಕು ಇರುವ ಭಾಗವನ್ನೇ ಕತ್ತರಿಸಲು ಬರುವಂತೆ ಬರೆದರೆ ಜನ ಕತ್ತರಿಸಿಯೇ ಕತ್ತರಿಸುತ್ತಾರೆ. ಆದರೂ ಕಾರ್ಡ್ ಬಿಲ್ ಕಟ್ಟುವವರಿಗಷ್ಟೇ ಬೇಕಾದ ಸೇವೆ ಅದು. ನಿಮ್ಮ ಮನೆಯವರಿಗೆ ತಿಳಿಯದೆ ಹೋದದ್ದು ಕಂಪನಿಗೆ ದೊಡ್ಡ ನಷ್ಟವಲ್ಲ.

ಅಂಕಿ ಅಂಶ

ತಿಳಿಯಬೇಕಿಲ್ಲದ ನಮ್ಮ ಮನೆಯವರಿಗೆ ತೋರಿಸಲು ಐಪಿಎಲ್ ಪ್ರಸಾರದ ದರ ಯಾಕೆ ತೆತ್ತರು ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಬಂದಿಲ್ಲ.

ಅಡಿಬರಹ

ನಾನು ಜಾಹೀರಾತು ಏಜೆನ್ಸಿಯಲ್ಲಿ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆಯುವವಳು. ಗಂಡಸರೆಲ್ಲ ಆಟಗಾರರನ್ನೇ ಹಿಡಿದುಕೊಂಡು ಕೂತಿದ್ದೀರಿ, ಒಬ್ಬ ಅಜ್ಜಿಯನ್ನು ತರುತ್ತೇನೆ.

2010ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲಿನ ವರ್ಷದ ಅಂತಿಮ ಪಂದ್ಯ) ಹೊತ್ತಿಗೆ ಸ್ನಿಕರ್ಸ್ ಚಾಕೊಲೇಟು ಅಮೆರಿಕದ ನಟಿ ಬೆಟ್ಟಿ ವೈಟ್ ಅವರನ್ನು ಕರೆತಂದಿತು. ಆಗ ಅವರಿಗೆ 88 ವರ್ಷ. ಹುಡುಗರು ಕೆಸರಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಾರೆ, ನಡುವೆ ಈ ಅಜ್ಜಿ ಓಡುತ್ತಾರೆ, ಯಾರೋ ಬಂದು ಗುದ್ದಿ ಕೆಸರಿಗೆ ಕೆಡವುತ್ತಾರೆ. ‘ಏನೋ ಇದು, ಬೆಟ್ಟಿ ವೈಟ್ ಥರ ಆಡುತ್ತಿದ್ದೀಯ’ ಎಂದು ಗೆಳೆಯರು ಬೈಯುತ್ತಾರೆ. ಚಾಕೊಲೇಟ್ ತಿಂದೊಡನೆ ಅಜ್ಜಿ ಮಾಯ, ಅಲ್ಲಿ ಒಬ್ಬ ಯುವಕ. ಹಸಿದಾಗ ನೀನು ನೀನಾಗಿರುವುದಿಲ್ಲ, ಅಷ್ಟೇ ಮಾತು. ಈ ಹಂದರ ಎಷ್ಟು ಗಟ್ಟಿ ಎಂದರೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ತಾರೆಯರನ್ನು ಹಾಕಿ ವರ್ಷಗಟ್ಟಲೆ ಓಡಿಸಿದರು. ಭಾರತದಲ್ಲಿ ರೇಖಾ, ಊರ್ಮಿಳಾ ಬಂದರು. ಹಂದರ ಸರಕಿನದು, ತಾರೆ ಅದರ ಮೇಲೆ ಹಬ್ಬಿದ ಬಳ್ಳಿ.

ಇನ್ನೊಂದು, ಟಿವಿಗಿಂತ ಅಂತರ್ಜಾಲದಲ್ಲಿ ಹೆಚ್ಚು ಓಡಿದ್ದು, ಆದರೂ ಹೇಳದೆ ಇರಲಾರೆ. 2013ರ ವೋಲ್ವೊ ಟ್ರಕ್. ಹೊಳೆಯುವ ಎರಡು ಟ್ರಕ್‌ಗಳು ಹಿಮ್ಮುಖವಾಗಿ ಚಲಿಸುತ್ತಿವೆ. ಅವುಗಳ ಹೊರಕನ್ನಡಿಗಳ ಮೇಲೆ ಒಂದೊಂದು ಕಾಲಿಟ್ಟು ಜೀನ್ ಕ್ಲಾಡ್ ವ್ಯಾನ್ ಡ್ಯಾಮ್ ಕೈಕಟ್ಟಿ ನಿಂತಿದ್ದಾರೆ. ಟ್ರಕ್‌ಗಳು ಮೆಲ್ಲನೆ ದೂರ ಸರಿಯುತ್ತವೆ, ಅವರ ಕಾಲುಗಳು ಪೂರ್ತಿ ಅಗಲವಾಗುತ್ತವೆ. ಸ್ಪೇನಿನ ಮುಚ್ಚಿದ ವಿಮಾನ ನಿಲ್ದಾಣವೊಂದರಲ್ಲಿ, ಸೂರ್ಯೋದಯದ ಬೆಳಕಿನಲ್ಲಿ, ಒಂದೇ ಶಾಟ್. ತೋರಿಸಬೇಕಾಗಿದ್ದು ಸ್ಟಿಯರಿಂಗ್ ಎಷ್ಟು ನಿಖರ ಎಂಬುದನ್ನು. ಚಾಲಕ ಒಂದಿಷ್ಟು ಅತ್ತಿತ್ತ ಮಾಡಿದರೆ ಆ ಮನುಷ್ಯನ ಗತಿ ಏನು ಎಂದು ನೋಡುವವರ ಹೊಟ್ಟೆಯಲ್ಲೇ ಕಸಿವಿಸಿ. ತಾಂತ್ರಿಕ ಅಂಶವೊಂದನ್ನು ಟ್ರಕ್ ಕೊಳ್ಳದವರೂ ಕೂತು ನೋಡಿದರು. ಕಾಲು ಚಾಚುವುದು ಅವರ ಹಳೆಯ ಸಿನಿಮಾಗಳ ಗುರುತು, ಹಾಗಾಗಿ ಆ ಕೆಲಸಕ್ಕೆ ಬೇರೆಯವರು ಬರುವಂತೆಯೇ ಇರಲಿಲ್ಲ.

ನಮ್ಮ ಕಷ್ಟ ಏನು ಗೊತ್ತೇ ಮೇಷ್ಟ್ರೇ? ಹೀಗೆ ಬರೆಯಲು ಮೊದಲು ಕಥೆ ಹುಟ್ಟಬೇಕು, ಆಮೇಲೆ ತಾರೆ. ಕಂಪನಿಯಿಂದ ನಮ್ಮ ಬಳಿ ಬರುವ ಬ್ರೀಫ್‌ನಲ್ಲಿ, ಅಂದರೆ ಕೆಲಸದ ಸೂಚನೆಯಲ್ಲಿ, ತಾರೆಯ ಹೆಸರು ಮೊದಲೇ ಇರುತ್ತದೆ. ‘ಇವರಿಗೆ ಸಹಿ ಹಾಕಿಸಿ ಆಗಿದೆ, ಇನ್ನೇನು ಹೇಳಿಸೋಣ?’ ಎಂದು ಕೇಳುತ್ತಾರೆ. ಯಾಕೆ ಇವರೇ ಎಂದರೆ, ಎದುರಾಳಿ ಕಂಪನಿ ಇನ್ನೊಬ್ಬರನ್ನು ತೆಗೆದುಕೊಂಡಿತು ಎಂಬ ಉತ್ತರ.

ಹಳೇ ಆಂಟೆನಾ

ಅದಕ್ಕಿಂತ ದೊಡ್ಡ ಕಾರಣ ಒಂದಿದೆ ಮೇಡಂ. ವಿತರಕರ ಸಮಾವೇಶದಲ್ಲಿ ಮಾಲೀಕರಿಗೆ ಆ ತಾರೆಯ ಪಕ್ಕ ನಿಂತು ಫೋಟೊ ಬೇಕು.

ಅಡಿಬರಹ

ನಾನು ಹೇಳಲಿಲ್ಲ, ನೀವು ಹೇಳಿದಿರಿ.

ಸೋಡಾ ಗೋಲಿ

ತಾರೆ ಕೈಕೊಟ್ಟ ಕಥೆಗಳೂ ಬೇಕಲ್ಲವೇ? ಪೆಪ್ಸಿಯ ಪುರಾಣವೊಂದೇ ಸಾಕು.

1984ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಾಹೀರಾತು ಚಿತ್ರೀಕರಣ ನಡೆಯುತ್ತಿದ್ದಾಗ ಪಟಾಕಿಯ ಕಿಡಿ ತಗುಲಿ ಮೈಕಲ್ ಜಾಕ್ಸನ್ ತಲೆಗೂದಲಿಗೆ ಬೆಂಕಿ ಹತ್ತಿತು. ಪರಿಹಾರವಾಗಿ ಬಂದ 15 ಲಕ್ಷ ಡಾಲರನ್ನು ಅವರು ಸುಟ್ಟಗಾಯದ ಚಿಕಿತ್ಸೆ ನಡೆಸುವ ಆಸ್ಪತ್ರೆಗೆ ಕೊಟ್ಟರು. 1989ರಲ್ಲಿ ಮಡೋನಾ. ಜಾಹೀರಾತು ಬಂದ ಬೆನ್ನಿಗೇ ಅದೇ ಹಾಡಿನ ಅವರ ಸ್ವಂತ ವಿಡಿಯೊ ಬಂದು, ಧಾರ್ಮಿಕ ಸಂಘಟನೆಗಳು ಬಹಿಷ್ಕಾರದ ಮಾತೆತ್ತಿದವು. ಜಾಹೀರಾತಿನಲ್ಲಿ ತಪ್ಪೇನೂ ಇರಲಿಲ್ಲ, ಆದರೂ ಕಂಪನಿ ಹಿಂದೆಗೆದುಕೊಂಡಿತು. 50 ಲಕ್ಷ ಡಾಲರ್ ಮಡೋನಾ ಬಳಿಯೇ ಉಳಿಯಿತು. 2017ರ ಏಪ್ರಿಲ್‌ನಲ್ಲಿ ಬಂದ ಜಾಹೀರಾತಿನಲ್ಲಿ ರೂಪದರ್ಶಿ ಕೆಂಡಲ್ ಜೆನ್ನರ್ ಪ್ರತಿಭಟನೆಯ ಮೆರವಣಿಗೆಗೆ ಎದುರಾಗಿ ನಿಂತ ಪೊಲೀಸನಿಗೆ ಪೆಪ್ಸಿ ಡಬ್ಬಿ ಕೊಟ್ಟರು. ಎಲ್ಲರೂ ಖುಷಿಪಟ್ಟರು ಎಂದು ಜಾಹೀರಾತು ಹೇಳಿತು. ಹೊರಗೆ ಯಾರೂ ಖುಷಿಪಡಲಿಲ್ಲ. ಮರುದಿನವೇ ಕಂಪನಿ ಕ್ಷಮೆ ಕೇಳಿ ಚಿತ್ರವನ್ನು ತೆಗೆದು ಹಾಕಿತು.

ಮೇಷ್ಟ್ರ ಸೂತ್ರಕ್ಕೆ ಇಲ್ಲೊಂದು ತೂತು ಇದೆ. ಜೆನ್ನರ್ ಜಾಹೀರಾತಿನಲ್ಲಿ ಡಬ್ಬಿ ಕಥೆಯ ನಡುವೆಯೇ ಇತ್ತು, ತಾರೆಯ ಕೈಯಲ್ಲೇ ಇತ್ತು, ಅದು ಲೋಕವನ್ನೇ ಬದಲಿಸಿತು ಕೂಡ!

ಮಾರಾಟದ ಮೇಷ್ಟ್ರು

ಬದಲಿಸಿದ್ದು ಲೋಕವನ್ನು, ಜೆನ್ನರ್ ಅವರನ್ನಲ್ಲ. ಅದೇ ತೊಂದರೆ. ಒಬ್ಬ ದಣಿದ ಆಟಗಾರನನ್ನು ತಂಪು ಪಾನೀಯ ನಗಿಸಬಲ್ಲದು, ಅಷ್ಟು ನಂಬುತ್ತೇವೆ. ಬೀದಿಗಿಳಿದ ಜನರ ಸಂಕಟವನ್ನು ಅದು ಬಗೆಹರಿಸುತ್ತದೆ ಎಂದರೆ ಸಿಟ್ಟು ಬರುತ್ತದೆ. ಸರಕಿನ ಅಳತೆ ಮೀರಿದ ಕೆಲಸವನ್ನು ಅದಕ್ಕೆ ಹೊರಿಸಿದರು.

ಕಲಂ 21

ವಕೀಲರ ಕಡೆಯಿಂದ ಸಣ್ಣ ಟಿಪ್ಪಣಿ. ತಾರೆ ಬರೀ ಬಾಡಿಗೆಯ ಮುಖ ಎಂಬ ಕಾಲ ಮುಗಿದಿದೆ. ಅಮೆರಿಕದಲ್ಲಿ ಇದು ಬಹಳ ಹಿಂದೆಯೇ ಶುರುವಾಯಿತು: 1978ರಲ್ಲಿ ಗಾಯಕ ಪ್ಯಾಟ್ ಬೂನ್ ಮೊಡವೆಯ ಮದ್ದೊಂದನ್ನು ಟಿವಿಯಲ್ಲಿ ಶಿಫಾರಸು ಮಾಡಿದ್ದಕ್ಕೆ ಅಲ್ಲಿನ ವ್ಯಾಪಾರ ಆಯೋಗ ಅವರನ್ನೂ ಹೊಣೆಗಾರರನ್ನಾಗಿ ಮಾಡಿತು. ಗ್ರಾಹಕರಿಗೆ ಮರಳಿಸಬೇಕಾದ ಹಣದಲ್ಲಿ ತಮ್ಮ ಪಾಲನ್ನು ಕೊಡಲು ಅವರು ಒಪ್ಪಬೇಕಾಯಿತು.

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಂ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗೆ ಮುಖವಾದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಪುನರಾವರ್ತನೆಯಾದರೆ 50 ಲಕ್ಷ. ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಯಾವ ಸರಕನ್ನೂ ಅನುಮೋದಿಸದಂತೆ ತಡೆಯಬಹುದು. ಹೇಳುವ ಮಾತು ನಿಜವೇ ಎಂದು ಮೊದಲೇ ಸಾಕಷ್ಟು ಪರಿಶೀಲಿಸಿದ್ದೇನೆ ಎಂದು ತೋರಿಸಿದರೆ ರಕ್ಷಣೆ ಇದೆ. ಹಾಗಾಗಿ ಈಗ ಒಪ್ಪಂದದ ಕರಡು ಬಂದಾಗ ತಾರೆಯ ಕಡೆಯವರೇ ಪ್ರಯೋಗಾಲಯದ ವರದಿ ಕೇಳುತ್ತಾರೆ. ‘ಏಳೇ ದಿನದಲ್ಲಿ’ ಎಂಬಂಥ ಸಾಲುಗಳು ಮೊದಲ ಸುತ್ತಿನಲ್ಲೇ ಉದುರುತ್ತವೆ.

ಇದರಿಂದ ಕಥೆ ಹೇಳುವ ಜಾಹೀರಾತುಗಳಿಗೆ ಲಾಭವೇ. ಕ್ಲೂನಿ ಕಾಫಿಯ ಮುಂದೆ ಸೋತರೆ ಅದರಲ್ಲಿ ಪ್ರಯೋಗಾಲಯಕ್ಕೆ ಕಳಿಸುವ ವಿಷಯವೇನೂ ಇಲ್ಲ.

ಕಪ್ಪು ಬಿಳುಪು

ತೀರಿಹೋದ ತಾರೆಯರ ಬಗ್ಗೆ ಯಾರೂ ಮಾತೆತ್ತಲಿಲ್ಲ. 1980ರ ದಶಕದಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರ್ ಮಾರಲು ಚಾಪ್ಲಿನ್‌ರ ಅಲೆಮಾರಿ ಪಾತ್ರವನ್ನು ಬಳಸಿತು. ಬೇರೊಬ್ಬ ನಟ ಆ ವೇಷ ಹಾಕಿದ್ದರು. ಯಂತ್ರಕ್ಕೆ ಸಿಕ್ಕಿ ಒದ್ದಾಡುವ ಬಡಪಾಯಿ ಎಂದೇ ಜಗತ್ತು ಬಲ್ಲ ಆ ಮನುಷ್ಯ ಕಂಪ್ಯೂಟರ್ ಮುಂದೆ ಕೂತು ನಿರಾಳವಾಗುತ್ತಾನೆ. ಕಂಪ್ಯೂಟರ್ ಎಂದರೆ ಹೆದರುತ್ತಿದ್ದ ಕಾಲಕ್ಕೆ ಅದಕ್ಕಿಂತ ಸರಿಯಾದ ಮುಖ ಸಿಗುತ್ತಿರಲಿಲ್ಲ.

1997ರಲ್ಲಿ ಹಾಲಿವುಡ್ ನಟ ಫ್ರೆಡ್ ಅಸ್ಟೇರ್ ಅವರ ಹಳೆಯ ನೃತ್ಯ ದೃಶ್ಯಗಳಿಗೆ ಕಂಪ್ಯೂಟರ್ ತಂತ್ರದಿಂದ ವ್ಯಾಕ್ಯೂಮ್ ಕ್ಲೀನರ್ ತುರುಕಿದರು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಚೌಕಟ್ಟು ಒಂದೇ, ಸರಕು ಕೈಯಲ್ಲೇ ಇದೆ, ಆದರೆ ನೋಡಿದಾಗ ಮನಸ್ಸಿಗೆ ಒಗ್ಗಲಿಲ್ಲ. ಹೆಂಡತಿ ಒಪ್ಪಿಗೆ ಕೊಟ್ಟಿದ್ದರು, ಮಗಳು ಬೇಸರಪಟ್ಟರು. ಕೃತಕ ಬುದ್ಧಿಮತ್ತೆ ಬಂದಿರುವ ಈಗ ಇಂಥವು ದಿನಕ್ಕೊಂದು ಬರಬಹುದು ಎಂಬ ಭಯ ನನಗೆ.

ಕ್ಲ್ಯಾಪ್ ಬೋರ್ಡು

ಒಪ್ಪಂದಗಳಲ್ಲಿ ಈಗಾಗಲೇ ಮುಖ ಮತ್ತು ಧ್ವನಿಯ ಡಿಜಿಟಲ್ ಬಳಕೆಯ ಬಗ್ಗೆ ಬೇರೆಯೇ ಷರತ್ತು ಬರೆಯುತ್ತಿದ್ದಾರೆ. ತಾರೆ ಸೆಟ್ಟಿಗೇ ಬರಬೇಕಿಲ್ಲದ ದಿನ ಬಂದರೆ ಡ್ಯೂಪ್‌ಗಳ ಗತಿ ಏನು ಎಂದು ನಮ್ಮವರು ಕೇಳುತ್ತಿದ್ದಾರೆ.

ಎರಡು ಹನಿ

ನಾನು ಆರೋಗ್ಯ ಇಲಾಖೆಯ ಪ್ರಚಾರ ವಿಭಾಗದಲ್ಲಿ ಇದ್ದವನು. ಮಾರಾಟಕ್ಕಲ್ಲದ ಜಾಹೀರಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೋಲಿಯೊ ಲಸಿಕೆಯ ಪ್ರಚಾರದಲ್ಲಿ ಅಮಿತಾಭ್ ಬಚ್ಚನ್ ಮೊದಲು ಮೆದುವಾಗಿ ಬೇಡಿಕೊಂಡರು. ಆಮೇಲೆ ಬಂದ ಜಾಹೀರಾತಿನಲ್ಲಿ ಗದರಿಸಿದರು. ಮಕ್ಕಳಿಗೆ ಎರಡು ಹನಿ ಹಾಕಿಸಲು ಆಗುವುದಿಲ್ಲವೇ ನಿಮಗೆ ಎಂಬ ಸಿಟ್ಟು. ಎಪ್ಪತ್ತರ ದಶಕದ ತೆರೆಯ ಮೇಲಿನ ಆ ಕೋಪ ಇಲ್ಲಿ ಮನೆಯ ಹಿರಿಯನ ಕೋಪವಾಯಿತು. ನಟ ಬೈದರೆ ಜನರಿಗೆ ಬೇಸರವಾಗಲಿಲ್ಲ, ನಾಚಿಕೆಯಾಯಿತು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ದಾಖಲಾಯಿತು, 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಮನೆಮನೆಗೆ ನಡೆದ ಕಾರ್ಯಕರ್ತೆಯರ ಶ್ರಮ ಅದು, ಜಾಹೀರಾತಿನದಲ್ಲ. ಆದರೆ ಬಾಗಿಲು ತೆರೆಯಲು ಆ ಗದರಿಕೆ ನೆರವಾಯಿತು.

ಅದೇ ಬಚ್ಚನ್ 2004ರಲ್ಲಿ ಕ್ಯಾಡ್‌ಬರಿಯ ನೆರವಿಗೂ ಬಂದರು. ಹಿಂದಿನ ಅಕ್ಟೋಬರ್‌ನಲ್ಲಿ ಚಾಕೊಲೇಟಿನಲ್ಲಿ ಹುಳು ಕಂಡ ದೂರುಗಳಿಂದ ಮಾರಾಟ ಕುಸಿದಿತ್ತು. ಕಂಪನಿ ಮೊದಲು ಹೊದಿಕೆಯನ್ನು ಬದಲಿಸಿ ಭದ್ರಪಡಿಸಿತು, ಜೊತೆಗೆ ಬಚ್ಚನ್‌ರನ್ನು ಕರೆತಂದಿತು. ಹೊದಿಕೆ ಬದಲಿಸದೆ ಬಚ್ಚನ್‌ರನ್ನಷ್ಟೇ ತಂದಿದ್ದರೆ ಅವರ ಹೆಸರಿಗೂ ಹುಳು ಹಿಡಿಯುತ್ತಿತ್ತು.

ಹಳೇ ಆಂಟೆನಾ

ಹಣದ ಮಾತಿಲ್ಲದೆ ಮಾಡಿದ್ದು ಎಂದರೆ ನಂದಿನಿ ಹಾಲು. ಜಾಹೀರಾತುಗಳಿಂದ ಜೀವನಪೂರ್ತಿ ದೂರ ಇದ್ದ ಡಾ. ರಾಜ್‌ಕುಮಾರ್ ಅದೊಂದಕ್ಕೆ ಸಂಭಾವನೆ ಪಡೆಯದೆ ಒಪ್ಪಿದರು, ರೈತರ ಸಂಸ್ಥೆ ಎಂಬ ಕಾರಣಕ್ಕೆ. ಮುಂದೆ ಪುನೀತ್ ಕೂಡ ಹಾಗೆಯೇ ಮಾಡಿದರು. ಮೇಷ್ಟ್ರ ಪರೀಕ್ಷೆಗೆ ಇದನ್ನು ಒಡ್ಡಲು ನನಗೆ ಮನಸ್ಸಿಲ್ಲ.

ಮಾರಾಟದ ಮೇಷ್ಟ್ರು

ಒಡ್ಡಬೇಕಾಗಿಯೂ ಇಲ್ಲ. ಎಲ್ಲದಕ್ಕೂ ಇಲ್ಲ ಎಂದವರು ಒಂದಕ್ಕೆ ಹೂಂ ಎಂದರೆ ಆ ಒಪ್ಪಿಗೆಯೇ ಜಾಹೀರಾತು. ಹತ್ತಾರು ಸರಕುಗಳಿಗೆ ಮುಖವಾದವರಿಂದ ಅದು ಸಿಗುವುದಿಲ್ಲ.

ಹೊಸ ಅಂಗಡಿ

ಚಿಕ್ಕ ಕಂಪನಿ ನಡೆಸುವವರ ಪ್ರಶ್ನೆ. ದೊಡ್ಡ ತಾರೆಯನ್ನು ಒಂದೇ ದಿನಕ್ಕೆ ಕರೆಸುವಷ್ಟು ಹಣ ಹೊಂದಿಸಬಹುದು, ಆದರೆ ಆಮೇಲೆ ಪ್ರಸಾರಕ್ಕೆ ಹಣ ಉಳಿಯುವುದಿಲ್ಲ. ಮಾಡಬೇಕೇ?

ಅಂಕಿ ಅಂಶ

ಬೇಡ. ಕಾಣದ ತಾರೆ ಯಾರಿಗೂ ತಾರೆಯಲ್ಲ. ಪ್ರಸಾರದ ಲೆಕ್ಕ ಮೊದಲು ಹಾಕಿ, ಮಿಕ್ಕಿದ್ದರಲ್ಲಿ ಮುಖ ಹುಡುಕಿ.

ಅಡಿಬರಹ

ಸ್ಕ್ರಿಪ್ಟನ್ನು ಮೊದಲು ಯಾರ ಹೆಸರೂ ಇಲ್ಲದೆ ಬರೆಸಿ. ಓದಿದಾಗ ‘ಇಲ್ಲಿ ಇಂಥವರೇ ಬೇಕು’ ಎಂದು ನಿಮಗೇ ಅನ್ನಿಸಿದರೆ ಅವರ ಬಾಗಿಲು ತಟ್ಟಿ. ಅನ್ನಿಸದಿದ್ದರೆ ಅಪರಿಚಿತ ನಟನೇ ಸಾಕು, ಚೆನ್ನಾಗಿ ನಟಿಸುತ್ತಾನೆ, ಹೇಳಿದ ಹೊತ್ತಿಗೆ ಬರುತ್ತಾನೆ.

ಮೇಷ್ಟ್ರೇ, ಕೊನೆಯದಾಗಿ ಟೈಗರ್ ವುಡ್ಸ್ ಬಗ್ಗೆ ನಿಮ್ಮ ತೀರ್ಪು ಬೇಕು. 1999ರ ನೈಕಿ ಜಾಹೀರಾತು. ಬೇರೊಂದರ ಚಿತ್ರೀಕರಣದ ಬಿಡುವಿನಲ್ಲಿ ಅವರು ಗಾಲ್ಫ್ ಕೋಲಿನ ಮೇಲೆ ಚೆಂಡನ್ನು ಪುಟಿಸುತ್ತ ಹೊತ್ತು ಕಳೆಯುತ್ತಿದ್ದರಂತೆ. ನಿರ್ದೇಶಕರಿಗೆ ಅದೇ ಹಿಡಿಸಿ ಕ್ಯಾಮೆರಾ ತಿರುಗಿಸಿದರು. ಕಾಲಿನ ಸಂದಿಯಿಂದ, ಬೆನ್ನ ಹಿಂದಿನಿಂದ ಪುಟಿಸಿ, ಕೊನೆಗೆ ಗಾಳಿಯಲ್ಲೇ ಬೀಸಿ ಹೊಡೆದರು. ಕಥೆ ಇಲ್ಲ, ಸ್ಕ್ರಿಪ್ಟ್ ಇಲ್ಲ. ಸರಕು ಅವರಿಗೆ ಏನನ್ನೂ ಮಾಡಲಿಲ್ಲ. ಆದರೂ ಮರೆಯಲಾಗುವುದಿಲ್ಲ.

ಮಾರಾಟದ ಮೇಷ್ಟ್ರು

ಅದಕ್ಕೊಂದು ಬಾಲಂಗೋಚಿ ಇದೆ. ಆಗ ವುಡ್ಸ್ ಒಪ್ಪಂದದ ಪ್ರಕಾರ ಪಂದ್ಯಗಳಲ್ಲಿ ಆಡುತ್ತಿದ್ದದ್ದು ಟೈಟ್ಲಿಸ್ಟ್ ಚೆಂಡಿನಲ್ಲಿ. ನೈಕಿ ಜಾಹೀರಾತು ನೋಡಿದವರು ಅವರು ನೈಕಿ ಚೆಂಡಿನಲ್ಲೇ ಆಡುತ್ತಾರೆ ಎಂದುಕೊಳ್ಳುತ್ತಾರೆ ಎಂದು ಟೈಟ್ಲಿಸ್ಟ್ ತಯಾರಕರು ಅದೇ ವರ್ಷ ನ್ಯಾಯಾಲಯಕ್ಕೆ ಹೋದರು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಮರುವರ್ಷ ವುಡ್ಸ್ ನಿಜವಾಗಿಯೂ ನೈಕಿ ಚೆಂಡಿಗೆ ಬದಲಾದರು.

ಅಂಕಿ ಅಂಶ

ಅಂದರೆ ಅಲ್ಲಿ ತಾರೆಗಿಂತ ಸರಕಿನ ಬಗ್ಗೆಯೇ ಹೆಚ್ಚು ಜಗಳವಾಯಿತು. ಇದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ ಮೇಷ್ಟ್ರೇ?